ಎಪಿಡ್ಯೂರಲ್ ಕ್ಯಾಥೆಟರ್: ತುದಿ ಈಗ ಎಲ್ಲಿದೆ?

ಬೆನ್ನಿಗೆ ಸೂಜಿ ಹಾಕಿ, ಅದರ ಮೂಲಕ ಕ್ಯಾಥೆಟರ್ ಎಂಬ ಸಣ್ಣ ನಳಿಕೆ ಬಿಟ್ಟು ನೋವು ತಡೆಯುವ ಔಷಧಿ ಕೊಡುವುದು ಎಪಿಡ್ಯೂರಲ್. ಅದರ ತೊಡಕುಗಳ ಪಟ್ಟಿಯನ್ನು ನಾನು ಬಾಯಿಪಾಠ ಮಾಡಿದ್ದೆ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಅರ್ಧ ಮರೆತುಹೋಯಿತು. ಆಮೇಲೆ ಒಂದೇ ಪ್ರಶ್ನೆ ಹಿಡಿದುಕೊಂಡು ಮತ್ತೆ ಓದಿದೆ: ಕ್ಯಾಥೆಟರ್‌ನ ತುದಿ ಈಗ ಎಲ್ಲಿದೆ? ಮುಕ್ಕಾಲು ಪಾಲು ವಿಷಯ ಅದರಲ್ಲೇ ಬಿಡಿಸಿಕೊಳ್ಳುತ್ತದೆ.

ಮೊದಲು ಜಾಗ ನೋಡೋಣ. ಬೆನ್ನುಮೂಳೆಗಳನ್ನು ಜೋಡಿಸುವ ಲಿಗಮೆಂಟಮ್ ಫ್ಲೇವಮ್ ಎಂಬ ಪಟ್ಟಿಗೂ, ಬೆನ್ನುಹುರಿ ಮತ್ತು ಅದರ ಸುತ್ತಲ ದ್ರವವನ್ನು ಸುತ್ತಿರುವ ಡ್ಯೂರಾ ಎಂಬ ಪೊರೆಗೂ ನಡುವಿನ ಕಿರಿದಾದ ಸಂದು ಅದು. ಒಳಗೆ ಕೊಬ್ಬು, ನರದ ಬೇರುಗಳು, ತೆಳು ಗೋಡೆಯ ಸಿರೆಗಳು. ಸೊಂಟದ ಹತ್ತಿರ ಚರ್ಮದಿಂದ ಅಲ್ಲಿಗೆ ಹೆಚ್ಚಿನ ದೊಡ್ಡವರಲ್ಲಿ 4ರಿಂದ 6 ಸೆಂ.ಮೀ. ಸೂಜಿ ಅಲ್ಲಿಗೆ ಮುಟ್ಟಿದಾಗ, ಸಿರಿಂಜ್ ಒತ್ತುತ್ತಿರುವ ಹೆಬ್ಬೆರಳಿಗೆ ಅಲ್ಲಿಯವರೆಗೆ ಇದ್ದ ಬಿಗಿ ತಟ್ಟನೆ ಹೋಗುತ್ತದೆ. ಅಲ್ಲಿ ನಿಲ್ಲಬೇಕು. ಇನ್ನು ಕೆಲವೇ ಮಿ.ಮೀ. ಮುಂದೆ ಹೋದರೆ ಡ್ಯೂರಾ ತೂತಾಗುತ್ತದೆ.

ಇದಕ್ಕೆ ಬಳಸುವ ಟೂಹಿ ಸೂಜಿ 16 ಅಥವಾ 18 ಗೇಜಿನದು, ಅಂದರೆ ದಪ್ಪನೆಯದು, ಹಾಗಾಗಿ ತೂತೂ ದೊಡ್ಡದೇ. ಹೆರಿಗೆಯ ಎಪಿಡ್ಯೂರಲ್‌ಗಳಲ್ಲಿ ಸುಮಾರು ನೂರಕ್ಕೆ ಒಂದರಲ್ಲಿ ಹೀಗಾಗುತ್ತದೆ. ಹಾಗಾದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ತಲೆನೋವು ಬರುತ್ತದೆ. ಎದ್ದು ಕೂತರೆ ಸಿಡಿಯುತ್ತದೆ, ಮಲಗಿದರೆ ಇಳಿಯುತ್ತದೆ. 1898ರಲ್ಲಿ ಸ್ಪೈನಲ್ ಅರಿವಳಿಕೆಯನ್ನು (ಔಷಧಿಯನ್ನು ಡ್ಯೂರಾ ಒಳಗಿನ ದ್ರವಕ್ಕೇ ಕೊಡುವುದು) ತನ್ನ ಮೇಲೇ ಪ್ರಯೋಗ ಮಾಡಿಸಿಕೊಂಡ ಆಗಸ್ಟ್ ಬಿಯರ್ ಇದೇ ತಲೆನೋವಿನಿಂದ ದಿನಗಟ್ಟಲೆ ಮಲಗಿದ್ದ. ನೀರು, ನೋವಿನ ಮಾತ್ರೆ, ಕೆಫೀನ್‌ನಲ್ಲಿ ಕಡಿಮೆಯಾಗದಿದ್ದರೆ ಬ್ಲಡ್ ಪ್ಯಾಚ್. ರೋಗಿಯದ್ದೇ ರಕ್ತ 15–20 ಮಿ.ಲೀ. ತೆಗೆದು ಎಪಿಡ್ಯೂರಲ್ ಜಾಗಕ್ಕೆ ನಿಧಾನವಾಗಿ ಕೊಡುತ್ತಾರೆ. ಒಂದು ಎಚ್ಚರ: ಬಾಣಂತಿಯ ತಲೆನೋವೆಲ್ಲ ಸೂಜಿಯದ್ದಲ್ಲ. ಪ್ರೀಎಕ್ಲಾಂಪ್ಸಿಯಾ (ಬಸಿರಿಗೆ ಸಂಬಂಧಿಸಿದ ಬಿಪಿ ಏರುವ ಕಾಯಿಲೆ) ಇರಬಹುದು, ಮೆದುಳಿನ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಮಲಗಿದರೂ ಇಳಿಯದ ತಲೆನೋವನ್ನು ಸುಮ್ನೆ ಬಿಡಬಾರದು.

ಸೂಜಿ ಸರಿಯಾದ ಜಾಗದಲ್ಲಿದ್ದರೂ ಕ್ಯಾಥೆಟರ್ ಬೇರೆಡೆ ಹೋಗಬಹುದು. ಸಿರಿಂಜ್ ಎಳೆದು ನೋಡುತ್ತೇವೆ. ತಿಳಿ ದ್ರವ ಬಂದರೆ ಡ್ಯೂರಾ ಒಳಗೆ, ರಕ್ತ ಬಂದರೆ ಸಿರೆಯಲ್ಲಿ. ಏನೂ ಬರಲಿಲ್ಲ ಅಂದರೆ? ಎಲ್ಲ ಸರಿ ಇದೆ ಅಂತಲ್ಲ. ಅದಕ್ಕೇ ಟೆಸ್ಟ್ ಡೋಸ್, ಅಂದರೆ ಪರೀಕ್ಷೆಗೆ ಕೊಡುವ ಸಣ್ಣ ಡೋಸ್, ಇರುವುದು. ಹೆಚ್ಚಾಗಿ ಹೇಳುವುದು 1.5% ಲಿಗ್ನೋಕೇನ್ (ಮರಗಟ್ಟಿಸುವ ಔಷಧಿ) 3 ಮಿ.ಲೀ., ಅದರಲ್ಲಿ ನಾಡಿ ಏರಿಸುವ ಅಡ್ರಿನಲಿನ್ 15 ಮೈಕ್ರೋಗ್ರಾಂ. ಒಂದು ನಿಮಿಷದೊಳಗೆ ನಾಡಿ 20ಕ್ಕಿಂತ ಹೆಚ್ಚು ಏರಿದರೆ ರಕ್ತನಾಳದ ಅನುಮಾನ. ಐದು ನಿಮಿಷದೊಳಗೆ ಕಾಲು ಭಾರವಾದರೆ ಸ್ಪೈನಲ್ ಆಗಿದೆ ಎಂದುಕೊಳ್ಳಿ. ಹೆರಿಗೆ ನೋವಿನಲ್ಲಿ ನಾಡಿ ತಾನಾಗೇ ಏರುತ್ತದೆ, ನಾಡಿ ತಗ್ಗಿಸುವ ಬೀಟಾ ಬ್ಲಾಕರ್ ಔಷಧಿ ತಗೊಳ್ಳುವವರಲ್ಲಿ ಏರದೇ ಇರಬಹುದು. ಕ್ಯಾಥೆಟರ್ ಆಮೇಲೂ ಜರುಗಬಹುದು. ಹಾಗಾಗಿ ಬೆಳಿಗ್ಗೆ ಪಾಸಾದ ಕ್ಯಾಥೆಟರ್ ಸಂಜೆಗೂ ಪಾಸ್ ಅಂತ ನಂಬಬೇಡಿ. ಪ್ರತಿ ಸಲವೂ ಸ್ವಲ್ಪ ಸ್ವಲ್ಪವೇ ಕೊಡಿ, ರೋಗಿಯನ್ನು ಮಾತಾಡಿಸುತ್ತಾ ಇರಿ.

ಮಾತಾಡಿಸುವುದು ಯಾಕೆ ಅಂದರೆ, ಔಷಧಿ ರಕ್ತಕ್ಕೆ ಹೋದರೆ ಮೊದಲ ಸುಳಿವು ಬಹಳ ಸಲ ರೋಗಿಯ ಬಾಯಿಂದಲೇ ಬರುತ್ತದೆ. ತುಟಿ ಸುತ್ತ ಜುಮ್ ಅನ್ನುತ್ತಿದೆ, ಬಾಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್ ಸದ್ದು. ಮುಂದಿನದು ಫಿಟ್ಸ್, ಹೃದಯ ನಿಲ್ಲುವುದು. ಮರಗಟ್ಟಿಸುವ ಔಷಧಿಗಳಲ್ಲಿ ಬುಪಿವಕೇನ್ ಹೃದಯಕ್ಕೆ ವಿಶೇಷವಾಗಿ ಕೆಟ್ಟದ್ದು. ಔಷಧಿ ನಿಲ್ಲಿಸಿ, ಆಕ್ಸಿಜನ್ ಕೊಟ್ಟು, ಫಿಟ್ಸ್ ತಡೆದು, 20% ಲಿಪಿಡ್ ಎಮಲ್ಷನ್ (ಸಿರೆಗೆ ಕೊಡುವ ಕೊಬ್ಬಿನ ದ್ರಾವಣ) ಕೊಡಬೇಕು: ಮೊದಲು ಕೆ.ಜಿ.ಗೆ 1.5 ಮಿ.ಲೀ. ಬೋಲಸ್, ಅಂದರೆ ಒಟ್ಟಿಗೆ ಒಂದು ಡೋಸ್. ಎಪಿಡ್ಯೂರಲ್‌ಗೆ ಅಂತ ಅಳೆದ ಡೋಸ್ ಡ್ಯೂರಾ ಒಳಗೆ ಹೋದರೆ ಕಥೆ ಬೇರೆ. ಬಿಪಿ ಕುಸಿಯುತ್ತದೆ, ಕೈ ಸೋಲುತ್ತದೆ, ಮಾತು ಪಿಸುಮಾತಾಗುತ್ತದೆ, ಉಸಿರು ನಿಲ್ಲಬಹುದು. ಅಲ್ಲಿ ಉಸಿರಿನ ದಾರಿ ಮತ್ತು ಬಿಪಿ ನಮ್ಮ ಕೈಯಲ್ಲಿರಬೇಕು.

ಒಂದೇ ಕಡೆ ಮರಗಟ್ಟಿದರೆ ತುದಿ ಪಕ್ಕಕ್ಕೆ, ನರ ಹೊರಬರುವ ಕಿಂಡಿಯತ್ತ ಹೋಗಿರುತ್ತದೆ. ಒಂದೆರಡು ಸೆಂ.ಮೀ. ಹೊರಕ್ಕೆ ಎಳೆದರೆ ಬಹಳ ಸಲ ಸರಿಹೋಗುತ್ತದೆ. ಜಾಗದೊಳಗೆ 3ರಿಂದ 5 ಸೆಂ.ಮೀ. ಬಿಟ್ಟರೆ ಸಾಕು. ಜಾಸ್ತಿ ತುರುಕಿದರೆ ಗಂಟು ಬೀಳಬಹುದು. ಸೂಜಿ ಇನ್ನೂ ಒಳಗಿರುವಾಗ ಕ್ಯಾಥೆಟರನ್ನು ಮಾತ್ರ ಹಿಂದಕ್ಕೆ ಎಳೆಯಲೇಬೇಡಿ. ಸೂಜಿಯ ಅಂಚಿಗೆ ತಾಗಿ ತುಂಡಾಗಿ ಒಳಗೇ ಉಳಿಯಬಹುದು.

ಎಲ್ಲಕ್ಕಿಂತ ಭಯಪಡಬೇಕಾದದ್ದು ಹೆಮಟೋಮಾ: ಆ ಜಾಗದಲ್ಲಿ ರಕ್ತ ಸೋರಿ ಗಡ್ಡೆಯಾಗಿ ಬೆನ್ನುಹುರಿಯನ್ನು ಒತ್ತುವುದು. ಅಪರೂಪ, ಆದರೆ ತಡವಾದರೆ ಕಾಲಿನ ಬಲ ಶಾಶ್ವತವಾಗಿ ಹೋಗಬಹುದು. ರಕ್ತ ತೆಳುಮಾಡುವ ಔಷಧಿ ಇರುವವರಲ್ಲಿ ಅಪಾಯ ಜಾಸ್ತಿ. ನಾವು ಮರೆಯುವ ವಿಷಯ ಒಂದಿದೆ: ಹಾಕುವಾಗ ಎಷ್ಟು ಎಚ್ಚರವೋ ತೆಗೆಯುವಾಗಲೂ ಅಷ್ಟೇ ಬೇಕು. ಹೆಪ್ಪುಗಟ್ಟದಂತೆ ಮುಂಜಾಗ್ರತೆಗೆ ಕೊಡುವ ಎನಾಕ್ಸಪಾರಿನ್ (ರಕ್ತ ತೆಳುಮಾಡುವ ಇಂಜೆಕ್ಷನ್) ಆದರೆ ಕೊನೆಯ ಡೋಸ್‌ನಿಂದ 12 ಗಂಟೆ ಬಿಟ್ಟು ಕ್ಯಾಥೆಟರ್ ತೆಗೆಯಬೇಕು. ಚಿಕಿತ್ಸೆಯ ಪ್ರಮಾಣದಲ್ಲಿದ್ದರೆ 24 ಗಂಟೆ. ತೆಗೆದ ಮೇಲೆ ಮುಂದಿನ ಡೋಸ್‌ಗೆ ಕನಿಷ್ಠ 4 ಗಂಟೆ ಕಾಯಬೇಕು.

ಗುರುತಿಸುವುದು ಹೇಗೆ? ಹಾಸಿಗೆ ಪಕ್ಕ ನಿಂತು, 'ಕಾಲು ನೇರ ಇಟ್ಟು ಹಿಮ್ಮಡಿ ಎತ್ತಿ' ಅನ್ನಿ. ಅರ್ಧ ನಿಮಿಷದ ಕೆಲಸ. ಎದೆಯ ಮಟ್ಟದಲ್ಲಿ ಹಾಕಿದ ಕ್ಯಾಥೆಟರ್‌ಗೆ ಕಾಲು ಸೋಲಬಾರದು, ಅಲ್ವಾ? ಸೋತಿದೆ ಅಂದರೆ 'ಎಪಿಡ್ಯೂರಲ್ ಇದೆಯಲ್ಲ, ಅದಕ್ಕೇ' ಅನ್ನುವುದು ಅತಿ ದೊಡ್ಡ ತಪ್ಪು. ಕ್ಯಾಥೆಟರ್‌ನಲ್ಲಿ ಸತತವಾಗಿ ಹೋಗುತ್ತಿರುವ ಔಷಧಿ (ಇನ್‌ಫ್ಯೂಷನ್) ನಿಲ್ಲಿಸಿ, ಅರ್ಧ ಗಂಟೆಗೊಮ್ಮೆ ನೋಡಿ. 4 ಗಂಟೆಯೊಳಗೆ ಬಲ ಮರಳದಿದ್ದರೆ ತುರ್ತು ಎಂಆರ್‌ಐ. ಬೆನ್ನುನೋವು ಹೆಚ್ಚುತ್ತಿದ್ದರೆ ಅಷ್ಟು ಹೊತ್ತೂ ಕಾಯಬೇಡಿ. ಲಕ್ಷಣ ಶುರುವಾಗಿ 8 ಗಂಟೆಯೊಳಗೆ ಆಪರೇಷನ್ ಆದರೆ ಚೇತರಿಕೆಯ ಆಸೆ ಹೆಚ್ಚು.

ಕೀವು ಕಟ್ಟುವುದು ಇದಕ್ಕಿಂತ ನಿಧಾನ. ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಸಾಮಾನ್ಯ ಕಾರಣ. ಜ್ವರ, ಬೆನ್ನುನೋವು, ಆಮೇಲೆ ಕಾಲಿನ ಬಲ ಕುಂದುವುದು. ಕ್ಯಾಥೆಟರ್ ತೆಗೆದು ಎಷ್ಟೋ ದಿನ ಆದ ಮೇಲೂ, ರೋಗಿ ಮನೆಗೆ ಹೋದ ಮೇಲೂ ಬರಬಹುದು. ಡಿಸ್ಚಾರ್ಜ್ ಚೀಟಿಯಲ್ಲಿ ಈ ಮೂರು ಲಕ್ಷಣ, ಜೊತೆಗೆ ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನು ಬರೆದುಕೊಡಿ.