ಇಂಗಾಲದ ಡೈಆಕ್ಸೈಡಿನಿಂದ ಇಂಧನ: ಅಡ್ಡಗಾಲು ಹಾಕುವುದು ನೀರು

ಇಂಗಾಲದ ಡೈಆಕ್ಸೈಡನ್ನು ಹಿಡಿದು ಮತ್ತೆ ಇಂಧನ ಮಾಡಬಹುದು ಅಂದರೆ ಬಹಳ ಜನ ನಂಬುವುದಿಲ್ಲ. ಆದರೆ ಇದು ಆಗಲೇ ನಡೆಯುತ್ತಿದೆ. ಐಸ್‌ಲ್ಯಾಂಡಿನಲ್ಲಿ ಭೂಶಾಖದ ವಿದ್ಯುತ್ ಸ್ಥಾವರದ ಪಕ್ಕದಲ್ಲೇ 2012ರ ಹೊತ್ತಿಗೆ ಇಂಥ ಒಂದು ಘಟಕ ಶುರುವಾಯಿತು. ವರ್ಷಕ್ಕೆ ಸುಮಾರು 4,000 ಟನ್ ಮೆಥನಾಲ್ ಎಂಬ ದ್ರವ ಇಂಧನ ತಯಾರಿಸುವ ಸಾಮರ್ಥ್ಯ ಅದರದ್ದು. 2022ರಲ್ಲಿ ಚೀನಾದ ಆನ್‌ಯಾಂಗ್‌ನಲ್ಲಿ ಬಂದದ್ದು ಇನ್ನೂ ದೊಡ್ಡದು, ವರ್ಷಕ್ಕೆ 1,10,000 ಟನ್. ಮತ್ತೆ ಎಲ್ಲ ಕಡೆ ಯಾಕೆ ಮಾಡುತ್ತಿಲ್ಲ? ಖರ್ಚು ಜಾಸ್ತಿ, ನಿಜ. ಆ ಖರ್ಚಿನ ಹಿಂದೆ ಇರುವ ಒಂದು ಕಾರಣ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಅದು ನೀರು.

ಒಂದು ಅಣು ಡೈಆಕ್ಸೈಡಿಗೆ ಮೂರು ಅಣು ಹೈಡ್ರೋಜನ್ ಸೇರಿದರೆ ಒಂದು ಅಣು ಮೆಥನಾಲ್ ಸಿಗುತ್ತದೆ, ಜೊತೆಗೆ ಒಂದು ಅಣು ನೀರು. ತೂಕದಲ್ಲಿ ಹೇಳುವುದಾದರೆ ಒಂದು ಕಿಲೋ ಮೆಥನಾಲ್ ಆಗುವಾಗ ಅರ್ಧ ಕಿಲೋಗಿಂತ ಜಾಸ್ತಿ ನೀರು ಹುಟ್ಟುತ್ತದೆ. ಈ ಕ್ರಿಯೆ ಎರಡೂ ದಿಕ್ಕಿಗೆ ನಡೆಯುವಂಥದ್ದು. ಮೆಥನಾಲ್ ಮತ್ತು ನೀರು ಒಂದೇ ಕಡೆ ಸೇರಿಕೊಳ್ಳುತ್ತಾ ಹೋದಂತೆ ಅವು ವಾಪಸ್ ಡೈಆಕ್ಸೈಡ್, ಹೈಡ್ರೋಜನ್ ಆಗತೊಡಗುತ್ತವೆ, ಕೊನೆಗೆ ಹೋಗುವುದೂ ಬರುವುದೂ ಸರಿಸಮವಾಗಿ ನಿಂತುಬಿಡುತ್ತದೆ. 250 ಡಿಗ್ರಿ ಸೆಲ್ಸಿಯಸ್ ಬಿಸಿ, ವಾತಾವರಣದ 50 ಪಟ್ಟು ಒತ್ತಡ ಕೊಟ್ಟರೂ ಒಂದು ಸಲ ಹಾದುಹೋಗುವಾಗ ಸುಮಾರು ಕಾಲು ಭಾಗ ಡೈಆಕ್ಸೈಡ್ ಮಾತ್ರ ಬದಲಾಗುತ್ತದೆ. ಉಳಿದದ್ದನ್ನು ತಣಿಸಿ, ಮೆಥನಾಲ್ ಮತ್ತು ನೀರನ್ನು ಬೇರ್ಪಡಿಸಿ, ಮತ್ತೆ ಒತ್ತಡಕ್ಕೇರಿಸಿ, ಮತ್ತೆ ಕಾಯಿಸಿ ಒಳಗೆ ಕಳಿಸಬೇಕು. ಅಷ್ಟೂ ಕೆಲಸಕ್ಕೆ ವಿದ್ಯುತ್ ಬೇಕು, ಅಲ್ವಾ?

ಬಿಸಿ ಇನ್ನೂ ಏರಿಸಿದರೆ? ಆಗುವುದಿಲ್ಲ. ಮೆಥನಾಲ್ ಆಗುವಾಗ ಶಾಖ ಹೊರಗೆ ಬರುತ್ತದೆ, ಹಾಗಾಗಿ ಬಿಸಿ ಹೆಚ್ಚಾದಷ್ಟೂ ಕ್ರಿಯೆ ಹಿಂದಕ್ಕೆ ವಾಲುತ್ತದೆ. ಬಿಸಿ ಇಳಿಸಿದರೆ ವೇಗವರ್ಧಕ, ಅಂದರೆ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು, ಮಂಕಾಗುತ್ತದೆ. ಸಾಲದ್ದಕ್ಕೆ, ಇಲ್ಲಿ ಬಳಸುವ ತಾಮ್ರ ಮತ್ತು ಸತುವಿನ ಆಕ್ಸೈಡಿನ ವೇಗವರ್ಧಕಕ್ಕೆ ನೀರಾವಿ ಆಗಿಬರುವುದಿಲ್ಲ. ಆವಿ ಇರುವಲ್ಲಿ ತಾಮ್ರದ ಸಣ್ಣ ಕಣಗಳು ಒಂದಕ್ಕೊಂದು ಅಂಟಿ ದಪ್ಪಗಾಗುತ್ತವೆ, ಕೆಲಸಕ್ಕೆ ಸಿಗುವ ಮೇಲ್ಮೈ ಕಮ್ಮಿಯಾಗುತ್ತಾ ಹೋಗುತ್ತದೆ.

ಪೊರೆ ರಿಯಾಕ್ಟರ್, ಅಂದರೆ ತೆಳು ಪೊರೆಯ ಗೋಡೆ ಇರುವ ಕ್ರಿಯಾಪಾತ್ರೆ, ಇರುವುದು ಇದಕ್ಕೇ. ನೀರು ಹುಟ್ಟಿದ ಜಾಗದಲ್ಲೇ, ಹುಟ್ಟಿದ ಕೂಡಲೇ ಅದನ್ನು ಹೊರಗೆ ಎಳೆದುಬಿಡುವುದು. ಸಮತೋಲನದಲ್ಲಿರುವ ಕ್ರಿಯೆಯಿಂದ ಒಂದು ಉತ್ಪನ್ನವನ್ನು ತೆಗೆಯುತ್ತಾ ಹೋದರೆ ಕ್ರಿಯೆ ಅದನ್ನು ತುಂಬಿಕೊಡುವ ಕಡೆಗೇ ಸಾಗುತ್ತದೆ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲ ಶಾಟೆಲಿಯೆ 1884ರಲ್ಲಿ ಮುಂದಿಟ್ಟ ತತ್ವ ಇದು. ಕೊಳವೆಯ ಗೋಡೆಯೇ ಪೊರೆ, ಒಂದು ಬದಿಯಲ್ಲಿ ವೇಗವರ್ಧಕದ ಹರಳುಗಳು, ಇನ್ನೊಂದು ಬದಿಗೆ ನೀರು ಹೋಗುತ್ತಿರುತ್ತದೆ.

ಹೇಳಲು ಸುಲಭ, ಆದರೆ ಪೊರೆಯನ್ನು ಬರೀ ಜರಡಿ ಅಂದುಕೊಂಡರೆ ಇಲ್ಲಿ ಕೆಲಸ ಕೆಡುತ್ತದೆ. ನೀರಿನ ಅಣುವಿನ ಅಗಲ ಸುಮಾರು 0.26 ನ್ಯಾನೊಮೀಟರ್, ಹೈಡ್ರೋಜನ್‌ದು 0.29, ಡೈಆಕ್ಸೈಡಿನದ್ದು 0.33. ನೀರಿಗೂ ಹೈಡ್ರೋಜನ್‌ಗೂ ಇರುವ ವ್ಯತ್ಯಾಸ ತೀರಾ ಸಣ್ಣದು. ನೀರು ಹೋಗುವ ದಾರಿಯಲ್ಲಿ ಹೈಡ್ರೋಜನ್ ಕೂಡ ಜಾರಿಕೊಂಡರೆ ದುಬಾರಿ ಸರಕೇ ಸೋರಿಹೋದಂತೆ. ಅಮೆರಿಕದ ರೆನ್ಸೆಲೇರ್ ಪಾಲಿಟೆಕ್ನಿಕ್ ಇನ್‌ಸ್ಟಿಟ್ಯೂಟ್‌ನವರೂ ಸೇರಿದ್ದ ತಂಡವೊಂದು 2020ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸ ನನಗೆ ಬಹಳ ಇಷ್ಟವಾಗುವುದು ಇದೇ ಕಾರಣಕ್ಕೆ. ಅವರು ಬಳಸಿದ್ದು ಜಿಯೊಲೈಟ್ ಎಂಬ ಹರಳಿನ ಪೊರೆ. ಅದರ ರಂಧ್ರಗಳ ಬಾಯಲ್ಲಿ ಸೋಡಿಯಂ ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತ ಸೋಡಿಯಂ ಕಣಗಳು, ಕೂತಿರುತ್ತವೆ. ಸೋಡಿಯಂಗೆ ನೀರಿನ ಮೇಲೆ ಸೆಳೆತ, ಹೈಡ್ರೋಜನ್ ಬಗ್ಗೆ ಅಂಥದ್ದೇನೂ ಇಲ್ಲ. ಹಾಗಾಗಿ ನೀರು ಒಳಗೆ ನುಗ್ಗಿ ದಾಟಿಹೋಗುತ್ತದೆ, ಹೈಡ್ರೋಜನ್ ಮತ್ತು ಡೈಆಕ್ಸೈಡ್ ಬಹುಪಾಲು ಹೊರಗೇ ಉಳಿಯುತ್ತವೆ. ಪೊರೆ ಇಲ್ಲದೆ ಸಿಗುವುದಕ್ಕಿಂತ ಎಷ್ಟೋ ಜಾಸ್ತಿ ಮೆಥನಾಲ್ ಅವರಿಗೆ ಸಿಕ್ಕಿತು.

ಪ್ರಯೋಗಾಲಯದಲ್ಲಿ ಗೆದ್ದದ್ದು ಕಾರ್ಖಾನೆಗೆ ಬರಲು ಯಾಕೆ ತಡ ಅಂದರೆ, ಈ ಪೊರೆ ಮೈಕ್ರೋಮೀಟರ್‌ಗಳ ದಪ್ಪದ್ದು, ಪಿಂಗಾಣಿಯಂಥ ಕೊಳವೆಯ ಮೇಲೆ ಬೆಳೆಸಿದ್ದು. ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು, ಅಷ್ಟು ಒತ್ತಡದಲ್ಲಿರುವ ಅನಿಲ ಅಲ್ಲಿಂದಲೇ ನುಗ್ಗುತ್ತದೆ. ಪಿಂಗಾಣಿ ಕೊಳವೆಯನ್ನು ಉಕ್ಕಿನ ರಿಯಾಕ್ಟರ್‌ಗೆ ಜೋಡಿಸುವುದೂ ತಲೆನೋವು, ಬಿಸಿಯಾದಾಗ ಎರಡೂ ಒಂದೇ ಸಮ ಹಿಗ್ಗುವುದಿಲ್ಲ.

ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಪೊರೆ ಎಷ್ಟೇ ಚೆನ್ನಾಗಿದ್ದರೂ ಹೈಡ್ರೋಜನ್ ಲೆಕ್ಕ ಬದಲಾಗುವುದಿಲ್ಲ. ಒಂದು ಕಿಲೋ ಮೆಥನಾಲ್‌ಗೆ ಸುಮಾರು 190 ಗ್ರಾಂ ಹೈಡ್ರೋಜನ್ ಬೇಕು. ನೀರನ್ನು ವಿದ್ಯುತ್ತಿನಿಂದ ಒಡೆದು ಅಷ್ಟು ಹೈಡ್ರೋಜನ್ ಪಡೆಯಲು ಹತ್ತಿರ ಹತ್ತಿರ 10 ಯೂನಿಟ್ ಹೋಗುತ್ತದೆ. ಆ ಒಂದು ಕಿಲೋ ಮೆಥನಾಲ್ ಉರಿಸಿದರೆ ವಾಪಸ್ ಬರುವುದು 5.5 ಯೂನಿಟ್‌ನಷ್ಟು ಶಾಖ. ಆ ವಿದ್ಯುತ್ತೂ ಕಲ್ಲಿದ್ದಲಿನಿಂದ ಬಂದಿದ್ದರೆ ಇಡೀ ಕೆಲಸಕ್ಕೆ ಅರ್ಥವೇ ಇಲ್ಲ. ಆದ್ದರಿಂದ ಬ್ಯಾಟರಿಯಲ್ಲೇ ಓಡಬಲ್ಲ ಕಾರಿಗೆ ಈ ದಾರಿ ಬೇಡ ಅಂತಲೇ ನನ್ನ ಅಭಿಪ್ರಾಯ. ಸಾಗರ ದಾಟುವ ಹಡಗಿನ ಕಥೆ ಬೇರೆ. ಅಷ್ಟು ದೂರಕ್ಕೆ ಬ್ಯಾಟರಿ ಹೊರುವುದು ಕಷ್ಟ, ಮೆಥನಾಲ್‌ನಲ್ಲಿ ಓಡುವ ಸರಕು ಹಡಗುಗಳು ಈಗಾಗಲೇ ನೀರಿಗಿಳಿದಿವೆ. ಅಂಥ ಕಡೆ ಅನಿಲವನ್ನು ಮತ್ತೆ ಮತ್ತೆ ಒತ್ತಡಕ್ಕೇರಿಸಿ ಕಳಿಸುವ ಖರ್ಚನ್ನು ಪೊರೆ ಉಳಿಸಿಕೊಟ್ಟರೆ ಅದು ದೊಡ್ಡ ಉಳಿತಾಯವೇ.