ಟಿವಿ ಚಾನೆಲ್‌ಗಳು ನಮಗೆ ಕೊಡ್ಬೇಕಾದ ಆ ಅರ್ಧ ಗಂಟೆ

ಪ್ರೈವೇಟ್ ಟಿವಿ ಚಾನೆಲ್‌ಗಳು ದಿನಕ್ಕೆ ಅರ್ಧ ಗಂಟೆ ಜನಹಿತದ ವಿಷಯ ತೋರಿಸ್ಬೇಕು ಅಂತ ಒಂದು ರೂಲ್ ಇದೆ, ಮುಂಬೈಲಿ ಮಾಟುಂಗಾದಿಂದ ಡೊಂಬಿವಲಿವರೆಗೂ ಇರೋ ನಮ್ಮ ಕನ್ನಡದ ಮನೆಗಳಲ್ಲಿ ಸಂಜೆ ಆದ್ರೆ ಟಿವಿ ಓಡ್ತಾನೇ ಇರುತ್ತೆ, ಆದ್ರೆ ಈ ರೂಲ್ ಗೊತ್ತಿರೋರು ತುಂಬಾ ಕಮ್ಮಿ.

ಇದರ ಬೇರು ಇರೋದು ಕ್ರಿಕೆಟ್‌ನಲ್ಲಿ. 1993ರ ಹೀರೋ ಕಪ್ ಮ್ಯಾಚ್‌ಗಳನ್ನ ಯಾರು ಪ್ರಸಾರ ಮಾಡ್ಬೇಕು ಅಂತ ಬಂಗಾಳದ ಕ್ರಿಕೆಟ್ ಸಂಸ್ಥೆಗೂ ಸರ್ಕಾರಕ್ಕೂ ಜಟಾಪಟಿ ಆಗಿ ಕೇಸು ಸುಪ್ರೀಂ ಕೋರ್ಟಿಗೆ ಹೋಯ್ತು, 1995ರ ಫೆಬ್ರವರಿಲಿ ಕೋರ್ಟು ಪ್ರಸಾರದ ತರಂಗಗಳು ಸಾರ್ವಜನಿಕ ಆಸ್ತಿ, ಅದರ ಮೇಲೆ ಸರ್ಕಾರದ ಏಕಸ್ವಾಮ್ಯನೂ ನಡೆಯಲ್ಲ, ಅದನ್ನ ಜನರ ಹಿತಕ್ಕೆ ಬಳಸೋ ಹಾಗೆ ನೋಡ್ಕೊಳ್ಳೋಕೆ ಸ್ವತಂತ್ರ ಪ್ರಾಧಿಕಾರ ಬೇಕು ಅಂತ ಹೇಳ್ತು. ನನ್ನ ಪ್ರಕಾರ ಇಡೀ ಕಥೇಲಿ ಇದಕ್ಕಿಂತ ದೊಡ್ಡ ಮಾತಿಲ್ಲ.

ಅದೇ ವರ್ಷ ಕೇಬಲ್ ಕಾಯ್ದೆ ಬಂತು, ದೂರದರ್ಶನದ ಚಾನೆಲ್‌ಗಳನ್ನ ಕೇಬಲ್‌ನೋರು ಕೊಡ್ಲೇಬೇಕು ಅಂತಾಯ್ತು. 2012ರ ಕೊನೆಗೆ ಮುಂಬೈಲಿ ಸೆಟ್ ಟಾಪ್ ಬಾಕ್ಸ್ ಕಡ್ಡಾಯ ಆಯ್ತು, ಚಾನೆಲ್‌ಗಳು ನೂರಾರಾದ್ವು, ಆದ್ರೆ ಪ್ರೈವೇಟ್ ಚಾನೆಲ್‌ನೋರು ಜನರ ಆಸ್ತಿಯಾದ ಈ ತರಂಗಗಳನ್ನ ಬಳಸೋದಕ್ಕೆ ಬದಲಾಗಿ ಜನರಿಗೆ ಏನು ಕೊಡ್ತಾರೆ ಅನ್ನೋ ಪ್ರಶ್ನೆ ಹಾಗೇ ಉಳೀತು.

ಅಮೆರಿಕದಲ್ಲಿ ಈ ಪ್ರಶ್ನೆ ಮೊದಲೇ ಎದ್ದಿತ್ತು. ಡಿಜಿಟಲ್‌ಗೆ ಹೋಗೋಕೆ ಅಂತ ಅಲ್ಲಿನ ಸ್ಟೇಷನ್‌ಗಳಿಗೆ ಎರಡನೇ ಚಾನೆಲ್ ಪುಕ್ಕಟೆ ಸಿಕ್ತು, ಅದಕ್ಕೆ ಬದಲಾಗಿ ಏನು ಕೇಳ್ಬೇಕು ಅಂತ ಕ್ಲಿಂಟನ್ ಸರ್ಕಾರ ಸಮಿತಿ ಮಾಡ್ತು, 1998ರಲ್ಲಿ ವರದಿ ಬಂತು. ಚುನಾವಣೆಗೆ ಮುಂಚಿನ 30 ದಿನ ರಾತ್ರಿ 5 ನಿಮಿಷ ಅಭ್ಯರ್ಥಿಗಳ ಮಾತಿಗೆ ಕೊಡಿ ಅಂದ್ರು, ಅದೂ ಮನಸ್ಸಿದ್ರೆ ಮಾತ್ರ.

ನಮ್ಮಲ್ಲಿ ಟಿವಿ ಚಾನೆಲ್‌ಗಳಿಗೆ ಅಂತ ಕೇಂದ್ರ ಸರ್ಕಾರ ತಂದ 2022ರ ನವೆಂಬರ್‌ನ ಮಾರ್ಗಸೂಚಿಲಿ ಕೊನೆಗೂ ಬರೆದ್ರು: ದಿನಕ್ಕೆ 30 ನಿಮಿಷ, ಶಿಕ್ಷಣ, ಕೃಷಿ, ಆರೋಗ್ಯ, ವಿಜ್ಞಾನ, ಮಹಿಳೆಯರು, ದುರ್ಬಲ ವರ್ಗ, ಪರಿಸರ, ರಾಷ್ಟ್ರೀಯ ಐಕ್ಯತೆ ಇಂಥ ವಿಷಯಗಳ ಮೇಲೆ. 2023ರ ಜನವರಿಲಿ ಬಂದ ಸೂಚನೆ ನೋಡಿ. ಮಧ್ಯರಾತ್ರಿಯಿಂದ ಬೆಳಿಗ್ಗೆ 6ರವರೆಗೆ ತೋರಿಸಿದ್ದು ಲೆಕ್ಕಕ್ಕಿಲ್ಲ, ಇದು ಒಳ್ಳೇದೇ. ಆದ್ರೆ ಒಂದೇ ಸಲ ಅರ್ಧ ಗಂಟೆ ಬೇಕಿಲ್ಲ, ತುಂಡು ತುಂಡಾಗಿ ಆಗ್ಬಹುದು, ತಿಂಗಳಿಗೆ 15 ಗಂಟೆ ಆದ್ರೆ ಸಾಕು, ಬೇರೆ ಕಾರ್ಯಕ್ರಮದೊಳಗೆ ಸೇರ್ಕೊಂಡಿದ್ರೂ ನಡೆಯುತ್ತೆ, ಮತ್ತೆ ಮಾಡಿದೀವಿ ಅಂತ ಚಾನೆಲ್‌ನೋರೇ ಸರ್ಟಿಫೈ ಮಾಡಿ ಸರ್ಕಾರದ ಪೋರ್ಟಲ್‌ಗೆ ಹಾಕ್ತಾರೆ. ಯಾವ ಕಾರ್ಯಕ್ರಮನ ಈ ಲೆಕ್ಕಕ್ಕೆ ಹಿಡಿದ್ರು ಅಂತ ಸ್ಕ್ರೀನ್ ಮೇಲೆ ಒಂದು ಸಾಲು ಹಾಕೋಕೆ ದೊಡ್ಡ ಖರ್ಚೇನಿಲ್ಲ, ಆಸ್ತಿ ನಮ್ಮದು ಅಂತ ಕೋರ್ಟೇ ಹೇಳಿರೋವಾಗ ಅಷ್ಟನ್ನ ಕೇಳೋ ಹಕ್ಕು ನಮಗಿದೆ.