ಒಳಗಿವಿಯ ಹರಳಿಗೆ ಬೇಕಾದ ಮೂರು ದಿನ

“ಡಾಕ್ಟ್ರೆ, ಮಗ್ಗುಲು ಬದಲಿಸಿದ ಕೂಡಲೇ ಮನೆಯ ಮಾಡು ಗಿರ್ರನೆ ತಿರುಗ್ತದೆ” ಎನ್ನುತ್ತ ಮಲ್ಪೆಯ ಆಳಸಮುದ್ರ ಬೋಟು ನಡೆಸುವ ತಂಡೇಲರೊಬ್ಬರು ಬಂದಿದ್ದರು. ತಲೆಯನ್ನು ಬಲಕ್ಕೆ ತಿರುಗಿಸಿ ಥಟ್ಟನೆ ಮಲಗಿಸಿದೆ. ನಾಲ್ಕೈದು ಸೆಕೆಂಡಿನಲ್ಲಿ ಕಣ್ಣುಗುಡ್ಡೆಗಳು ತಾವಾಗಿ ಅದುರತೊಡಗಿದವು. ಒಳಗಿವಿಯ ಹರಳು ಜಾರಿತ್ತು. ತಲೆಯನ್ನು ಹಂತಹಂತವಾಗಿ ಹೊರಳಿಸಿ ಅದನ್ನು ಸ್ವಸ್ಥಾನಕ್ಕೆ ತಂದ ಮೇಲೆ ಎದ್ದು ಕೂತರು. ಜೊತೆಗಿದ್ದ ಮಗ ಕೇಳಿದ: “ಗಗನಯಾನಕ್ಕೆ ಹೋಗುವವರಿಗೂ ಹೀಗೇ ಆಗ್ತದಾ?”

ಅವರ ಹರಳು ಜಾರುವುದಿಲ್ಲ, ಆದರೆ ಕೆಲಸ ನಿಲ್ಲಿಸುತ್ತದೆ. ಒಳಗಿವಿಯಲ್ಲಿ ಲೋಳೆಯ ಹಾಸಿನ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟಿನ ಸೂಕ್ಷ್ಮ ಹರಳುಗಳಿವೆ. ತಲೆ ಬಾಗಿದರೆ ಅವು ಭಾರಕ್ಕೆ ವಾಲಿ ಅಡಿಯ ರೋಮಗಳನ್ನು ಎಳೆಯುತ್ತವೆ. ಮಿದುಳಿಗೆ ಮೇಲು ಕೆಳಗು ತಿಳಿಯುವುದು ಹೀಗೆ. 400 ಕಿ.ಮೀ. ಎತ್ತರದಲ್ಲೂ ಗುರುತ್ವ ನೆಲದಲ್ಲಿರುವುದರ ಸುಮಾರು ಶೇ. 90ರಷ್ಟು ಉಂಟು. ಆದರೆ ನೌಕೆ, ಮನುಷ್ಯ, ಹರಳು ಎಲ್ಲವೂ ಒಟ್ಟಿಗೇ ಭೂಮಿಯ ಸುತ್ತ ಬೀಳುತ್ತಿರುವುದರಿಂದ ಹರಳು ಯಾವ ಕಡೆಗೂ ವಾಲುವುದಿಲ್ಲ. ತಲೆ ಬಾಗಿತೆಂದು ಕಣ್ಣು ಹೇಳುತ್ತದೆ, ಹರಳು ಸುಮ್ಮನಿರುತ್ತದೆ. ಈ ತಕರಾರೇ ವಾಂತಿಗೆ ಮೂಲ.

1961ರಲ್ಲಿ ಸೋವಿಯತ್ ನೌಕೆ ವೊಸ್ತೋಕ್-2ರಲ್ಲಿ ಒಂದು ದಿನಕ್ಕೂ ತುಸು ಹೆಚ್ಚು ಕಾಲ ಹಾರಿದ ಗೆರ್ಮಾನ್ ತಿತೋವ್ ಇದನ್ನು ಮೊದಲು ಅನುಭವಿಸಿದರು. 1969ರಲ್ಲಿ ಅಪೋಲೊ-9ರ ರಸ್ಟಿ ಶ್ವೈಕಾರ್ಟ್ ವಾಂತಿ ಮಾಡಿಕೊಂಡಾಗ ಬಾಹ್ಯಾಕಾಶ ನಡಿಗೆಯನ್ನೇ ಮೊಟಕುಗೊಳಿಸಬೇಕಾಯಿತು. ಮುಚ್ಚಿದ ಹೆಲ್ಮೆಟ್ಟಿನೊಳಗೆ ವಾಂತಿಯಾದರೆ ಅದು ಕೆಳಗೆ ಬೀಳುವುದಿಲ್ಲ, ಮುಖದೆದುರೇ ತೇಲುತ್ತದೆ, ಉಸಿರುಗಟ್ಟಿಸಬಲ್ಲದು. ಅರ್ಧಕ್ಕಿಂತ ಹೆಚ್ಚು ಯಾತ್ರಿಗಳಿಗೆ ಇದು ತಪ್ಪಿದ್ದಲ್ಲ. ಶಿರಾಡಿ ಘಾಟಿಯ ತಿರುವುಗಳಲ್ಲಿ ಪುಸ್ತಕ ಓದುತ್ತ ಹೋಗಬಲ್ಲ ಗಟ್ಟಿಗರೂ ಅಲ್ಲಿ ನಲುಗುತ್ತಾರೆ; ಯಾರಿಗಾಗುತ್ತದೆ ಎಂದು ನೆಲದ ಮೇಲಿನ ಪರೀಕ್ಷೆಗಳಿಂದ ಖಚಿತವಾಗಿ ಹೇಳಲಾಗದು. ಪ್ರೊಮೆಥಜೀನ್ ಚುಚ್ಚುಮದ್ದು ಉಂಟು, ನಿದ್ದೆ ಬರಿಸುತ್ತದೆ. ಉಳಿದದ್ದು ಕಾಲ. ಎರಡು ಮೂರು ದಿನಗಳಲ್ಲಿ ಮಿದುಳು ಹರಳಿನ ಮಾತು ಬಿಟ್ಟು ಕಣ್ಣನ್ನು ನಂಬಲು ಕಲಿಯುತ್ತದೆ. 2025ರ ಜೂನ್‌ನಲ್ಲಿ ಕಕ್ಷೆಗೆ ಹೋದ ಶುಭಾಂಶು ಶುಕ್ಲಾ, ಮಗುವಿನ ಹಾಗೆ ನಡೆಯಲು, ತಿನ್ನಲು ಹೊಸದಾಗಿ ಕಲಿಯುತ್ತಿದ್ದೇನೆ ಎಂದಿದ್ದರು.

ಮೂವರು ಭಾರತೀಯರನ್ನು ಕಕ್ಷೆಗೆ ಕಳಿಸುವ ಗಗನಯಾನದ ಯೋಜನೆಯೂ 3 ದಿನದ್ದೇ. ಎಂದರೆ ನಮ್ಮವರ ಕಿವಿ ಹೊಂದಿಕೊಳ್ಳುವ ಹೊತ್ತಿಗೆ ಮರಳುವ ಗಳಿಗೆ ಬಂದಿರುತ್ತದೆ. ಮೊದಲ ದಿನ ಅವರು ಕ್ಯಾಮೆರಾದೆದುರು ನಗುತ್ತ ಮಾತಾಡಲಿ ಎಂದು ನಾವ್ಯಾರೂ ಹಟ ಹಿಡಿಯಬಾರದು. ಅಂದು ಕೆಲಸ ಕಡಿಮೆ ಇರಬೇಕು. ತಲೆಯನ್ನು ನಿಧಾನಕ್ಕೆ ತಿರುಗಿಸಬೇಕು, ಮೂವರೂ ಒಂದೇ ದಿಕ್ಕನ್ನು ‘ನೆಲ’ವೆಂದುಕೊಂಡು ಇರಬೇಕು. ಎದುರಿಗಿರುವವರ ಪಾದ ಮೇಲೆ ಕಂಡರೂ ಸಾಕು, ಹೊಟ್ಟೆ ತೊಳಸುತ್ತದೆ.

ಮರಳುವಿಕೆಯೂ ಸುಲಭವಲ್ಲ. ಹತ್ತು ದಿನ ಆಳಸಮುದ್ರದಲ್ಲಿದ್ದು ದಕ್ಕೆಗೆ ಇಳಿದರೆ ಎರಡು ದಿನ ಮನೆಯ ಜಗಲಿಯೂ ತೂಗುತ್ತದೆ ಎಂದರು ತಂಡೇಲರು. ಗಗನಯಾತ್ರಿಗಳದ್ದೂ ಅದೇ ಪಾಡು. ಅವರ ನೌಕೆ ಇಳಿಯುವುದಂತೂ ಗಟ್ಟಿ ನೆಲಕ್ಕಲ್ಲ, ಕಡಲಿಗೆ. ಹರಳುಗಳಿಗೆ ಆಗಷ್ಟೇ ಭಾರ ಮರಳಿರುತ್ತದೆ, ಮೇಲಿಂದ ಅಲೆಗಳ ತೂಗಾಟ. ನೌಕಾಪಡೆಯವರು ಬಾಗಿಲು ತೆರೆಯುವವರೆಗೆ ಆಸನಕ್ಕೆ ತಲೆ ಒತ್ತಿ, ಅಲುಗಾಡದೆ ಮಲಗಿರುವುದೇ ಅವರಿಗೆ ಒಳ್ಳೆಯದು.